ಸೌರರಸ್ತೆ: ಸಾಧ್ಯವೆ? ಸಾಧುವೆ?

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಎರಡನೆಯ ವರ್ಷದ ಮೂವರು ವಿದ್ಯಾರ್ಥಿಗಳು ಒಂದು ಮಾದರಿಯನ್ನು ಇಟ್ಟಿದ್ದರು. ಒಂದು ಗಜದಷ್ಟು ಉದ್ದದ ಹಲಗೆ. ಅದರ ಮೇಲೆ ಡಾಂಬರು ರಸ್ತೆಯನ್ನು ಹೋಲುವ ಕಪ್ಪು ಹಾದಿ. ಹಾದಿಯ ಉದ್ದಕ್ಕೂ ಗಾಜಿನ ಕೆಳಗೆ ಹುದುಗಿಸಿದ ಸೌರಕೋಶಗಳು. ಇಕ್ಕೆಲಗಳಲ್ಲಿಯೂ ಸಾಸಿವೆಯಷ್ಟು ಚಿಕ್ಕ ದೀಪಗಳು. ಹಲಗೆಯನ್ನು ಬಿಸಿಲಿಗೆ ಇಟ್ಟೊಡನೆ ದೀಪಗಳೆಲ್ಲ ಹೊತ್ತಿಕೊಂಡವು. ನೋಡಿದವರೆಲ್ಲ ಬೆರಗಾದರು. ತೀರ್ಪುಗಾರರಲ್ಲಿ ನಾನೂ ಒಬ್ಬನು. ಮೊದಲನೆಯ ಬಹುಮಾನವನ್ನು ಆ ಮಾದರಿಗೇ ಕೊಡಿಸಿದೆನು.

ವಿಷಯವು ಅಲ್ಲಿಗೇ ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಕಾಲೇಜಿನ ಆಡಳಿತ ಮಂಡಲಿಯ ಹಿರಿಯರೊಬ್ಬರು ಆ ಮಾದರಿಯನ್ನು ಕಂಡು ಬಹಳ ಸಂತೋಷಪಟ್ಟರು. ಹೆಬ್ಬಾಗಿಲಿನಿಂದ ಪುಸ್ತಕ ಭಂಡಾರದವರೆಗಿನ ಕಾಲುದಾರಿಯನ್ನು ಇದೇ ರೀತಿ ನಿರ್ಮಿಸಬೇಕೆಂದೂ, ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟಿರುವ ನಿಧಿಯನ್ನು ಅದಕ್ಕಾಗಿ ಬಳಸಬಹುದೆಂದೂ ಸೂಚಿಸಿದರು. ಭೌತಶಾಸ್ತ್ರ ವಿಭಾಗದ ಅಭಿಪ್ರಾಯವನ್ನು ಕೇಳಲಾಯಿತು. ನಾನು ಕೆಲವು ದಿನ ಲೆಕ್ಕ ಹಾಕಿ, "ಇದು ಬೇಡ" ಎಂದು ಬರೆದುಕೊಟ್ಟೆನು. ಮಾರನೆಯ ದಿನವೇ ಆ ಮೂವರಲ್ಲಿ ಒಬ್ಬಳು ಬಂದು, "ಸರ್, ಬಹುಮಾನ ಕೊಟ್ಟವರೂ ನೀವೇ, ಬೇಡವೆಂದವರೂ ನೀವೇ. ಎರಡರಲ್ಲಿ ಯಾವುದು ಸರಿ?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನಾನು ಕೊಡಬಲ್ಲ ಉತ್ತರವೇ ಈ ಲೇಖನ.

ಮೊದಲು ಈ ಕಲ್ಪನೆಯ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಭೂಮಿಯ ವಾಯುಮಂಡಲದ ಹೊರಗೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ವಿಸ್ತಾರದ ಮೇಲೆ ಸುಮಾರು 1,361 ವಾಟ್‌ಗಳಷ್ಟು ಶಕ್ತಿ ಬೀಳುತ್ತದೆ. ವಾಯುಮಂಡಲವನ್ನು ದಾಟಿ ನಮ್ಮ ಅಂಗಳವನ್ನು ತಲಪುವ ವೇಳೆಗೆ, ನಿರ್ಮಲವಾದ ನಡುಹಗಲಿನಲ್ಲಿ, ಅದು ಸುಮಾರು 1,000 ವಾಟ್ ಆಗಿರುತ್ತದೆ. ಕರ್ನಾಟಕದಲ್ಲಿ ಒಂದು ಚದರ ಮೀಟರ್ ನೆಲಕ್ಕೆ ದಿನವೊಂದಕ್ಕೆ ಸರಾಸರಿ ಐದು ಕಿಲೋವಾಟ್-ಗಂಟೆ, ಎಂದರೆ ಐದು ಯೂನಿಟ್ಟಿನಷ್ಟು ಸೌರಶಕ್ತಿ ದೊರೆಯುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲ್ಲರ್, ಪಿಯರ್‌ಸನ್ ಎಂಬ ಮೂವರು ಸಿದ್ಧಪಡಿಸಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಭಾಗವನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಪೇಟೆಯಲ್ಲಿ ದೊರೆಯುವ ಫಲಕಗಳು ನೂರಕ್ಕೆ ಇಪ್ಪತ್ತು ಭಾಗವನ್ನು ಮಾರ್ಪಡಿಸುತ್ತವೆ.

ಈಗ ಏಳು ಮೀಟರ್ ಅಗಲದ, ಒಂದು ಕಿಲೋಮೀಟರ್ ಉದ್ದದ ರಸ್ತೆಯನ್ನು ತೆಗೆದುಕೊಳ್ಳಿ. ಅದರ ವಿಸ್ತಾರ 7,000 ಚದರ ಮೀಟರ್. ದಿನಕ್ಕೆ ಬೀಳುವ ಸೌರಶಕ್ತಿ 35,000 ಯೂನಿಟ್. ಅದರಲ್ಲಿ ಐದನೆಯ ಒಂದು ಭಾಗವೆಂದರೆ 7,000 ಯೂನಿಟ್. ಮನೆಯೊಂದಕ್ಕೆ ದಿನಕ್ಕೆ ಐದು ಯೂನಿಟ್ ಎಂದಿಟ್ಟುಕೊಂಡರೆ, ಒಂದು ಕಿಲೋಮೀಟರ್ ರಸ್ತೆಯು 1,400 ಮನೆಗಳನ್ನು ಬೆಳಗಬೇಕು! ಇದರ ಜೊತೆಗೆ ನೆಲದ ಮಾತೂ ಇದೆ. ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವು 2019ರ ಕೊನೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿತಷ್ಟೆ. ಅದಕ್ಕೆ ಬೇಕಾದ ನೆಲ ಸುಮಾರು 13,000 ಎಕರೆ. ಅದನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ರಸ್ತೆಗಳಾದರೋ ಈಗಾಗಲೇ ಹಾಸಿ ಬಿದ್ದಿವೆ. ಅವುಗಳ ಮೇಲೆ ಯಾರೂ ರಾಗಿ ಬೆಳೆಯುವುದಿಲ್ಲ. ಹೀಗಿರಲು, ರಸ್ತೆಯ ಮೇಲೆ ವ್ಯರ್ಥವಾಗಿ ಸುರಿಯುತ್ತಿರುವ ಬಿಸಿಲನ್ನು ಏಕೆ ಕೊಯ್ಯಬಾರದು? ಈ ವಾದದಲ್ಲಿ ಬಲವಿದೆ. ಇದನ್ನು ನಕ್ಕು ತಳ್ಳಿಹಾಕುವುದು ವಿಜ್ಞಾನಿಯ ಲಕ್ಷಣವಲ್ಲ.

ಕಾಗದದ ಮೇಲಿನ ಲೆಕ್ಕವನ್ನು ನೆಲದ ಮೇಲೆ ಇಳಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಐಡಾಹೋ ಪ್ರಾಂತ್ಯದ ಸ್ಕಾಟ್ ಮತ್ತು ಜೂಲಿ ಬ್ರೂಸಾ ದಂಪತಿಗಳು ದೀಪಗಳನ್ನೂ ಕಾಯಿಸುವ ತಂತಿಗಳನ್ನೂ ಒಳಗೊಂಡ ಷಟ್ಕೋನದ ಫಲಕಗಳನ್ನು ಯೋಜಿಸಿ, 2014ರಲ್ಲಿ ಸಾರ್ವಜನಿಕರಿಂದ 20 ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಸಂಗ್ರಹಿಸಿದರು. 2016ರಲ್ಲಿ ಸ್ಯಾಂಡ್‌ಪಾಯಿಂಟ್ ಎಂಬ ಊರಿನ ಚೌಕದಲ್ಲಿ ಅಂಥ 30 ಫಲಕಗಳನ್ನು ಹಾಸಲಾಯಿತು. ನೆದರ್ಲೆಂಡ್ಸಿನ ಕ್ರೊಮೆನಿ ಎಂಬಲ್ಲಿ 2014ರ ನವೆಂಬರಿನಲ್ಲಿ 70 ಮೀಟರ್ ಉದ್ದದ ಸೈಕಲ್ ದಾರಿಯೊಂದು ತೆರೆಯಿತು. ಮೊದಲ ಆರು ತಿಂಗಳಲ್ಲಿ ಅದು 3,000 ಯೂನಿಟ್ಟಿಗೂ ಮೀರಿ ವಿದ್ಯುತ್ತನ್ನು ಕೊಟ್ಟಿತು. ಚದರ ಮೀಟರಿಗೆ ವರ್ಷಕ್ಕೆ ಸುಮಾರು 70 ಯೂನಿಟ್ ಎಂದು ಅಂದಾಜು ಮಾಡಲಾಯಿತು. ಆದರೆ ಮೊದಲ ಚಳಿಗಾಲದಲ್ಲಿಯೇ ಗಾಜಿನ ಮೇಲಿನ ಲೇಪನವು ಒಂದು ಕಡೆ ಕಿತ್ತುಬಂದಿತು.

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಟೂರೂವ್ರ್ ಎಂಬ ಊರಿನಲ್ಲಿ 2016ರ ಡಿಸೆಂಬರಿನಲ್ಲಿ ಒಂದು ಕಿಲೋಮೀಟರ್ ಉದ್ದದ ರಸ್ತೆಗೆ 2,800 ಚದರ ಮೀಟರ್ ಫಲಕಗಳನ್ನು ಅಂಟಿಸಲಾಯಿತು. ತಗುಲಿದ ವೆಚ್ಚ 50 ಲಕ್ಷ ಯೂರೋ. ಮೊದಲ ವರ್ಷದಲ್ಲಿ ಅದು ಕೊಟ್ಟದ್ದು ಸುಮಾರು 1,49,000 ಯೂನಿಟ್, ನಿರೀಕ್ಷೆಯ ಅರ್ಧದಷ್ಟು. ಎರಡನೆಯ ವರ್ಷದಲ್ಲಿ ಅದು ಸುಮಾರು 78,000ಕ್ಕೆ ಇಳಿಯಿತು. 2018ರಲ್ಲಿ ಕೆಟ್ಟುಹೋದ 90 ಮೀಟರಿನಷ್ಟು ಭಾಗವನ್ನು ಕಿತ್ತುಹಾಕಬೇಕಾಯಿತು. ವಾಹನಗಳು ಹರಿಯುವಾಗ ಏಳುವ ಸದ್ದು ನೆರೆಹೊರೆಯವರಿಗೆ ತೊಂದರೆಯಾದುದರಿಂದ ವೇಗವನ್ನು ಗಂಟೆಗೆ 70 ಕಿಲೋಮೀಟರಿಗೆ ಮಿತಗೊಳಿಸಿದರು. ಕೊನೆಗೆ ನಿರ್ಮಿಸಿದ ಸಂಸ್ಥೆಯೇ ದೊಡ್ಡ ರಸ್ತೆಗಳ ಆಸೆಯನ್ನು ಬಿಟ್ಟು ಚಿಕ್ಕಪುಟ್ಟ ಉಪಯೋಗಗಳ ಕಡೆಗೆ ತಿರುಗಿತು. ಚೀನಾ ದೇಶದ ಜಿನಾನ್ ನಗರದ ಬಳಿ 2017ರ ಡಿಸೆಂಬರಿನ ಕೊನೆಯಲ್ಲಿ ತೆರೆದ ಸೌರ ಹೆದ್ದಾರಿಯಿಂದ ಕೆಲವೇ ದಿನಗಳಲ್ಲಿ ಒಂದು ಫಲಕವು ಕಳುವಾಯಿತು!

ಇವೆಲ್ಲ ಬರಿಯ ದುರದೃಷ್ಟವೆ? ಅಥವಾ ಕಲ್ಪನೆಯ ಬುಡದಲ್ಲಿಯೇ ದೋಷವಿದೆಯೆ? ಭೌತಶಾಸ್ತ್ರವನ್ನು ಕೇಳಿ ನೋಡೋಣ.

ಸೌರರಸ್ತೆಯನ್ನು ವಿರೋಧಿಸುವವರು ಮೊಟ್ಟಮೊದಲು ಹೇಳುವ ಮಾತು ಓರೆಯನ್ನು ಕುರಿತದ್ದು. ಫಲಕವು ಸೂರ್ಯನಿಗೆ ಎದುರಾಗಿರಬೇಕು. ರಸ್ತೆಯಾದರೋ ಮಟ್ಟಸವಾಗಿ ಮಲಗಿರುತ್ತದೆ. ಕಿರಣಗಳು ಲಂಬದಿಂದ ಎಷ್ಟು ಕೋನ ಓರೆಯಾಗಿವೆಯೋ ಆ ಕೋನದ ಕೊಸೈನಿನಷ್ಟು ಭಾಗ ಮಾತ್ರ ಫಲಕಕ್ಕೆ ದಕ್ಕುತ್ತದೆ. ಟೂರೂವ್ರ್ ಸುಮಾರು 48.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಗಲಿರುಳು ಸಮವಾಗಿರುವ ದಿನದ ನಡುಹಗಲಿನಲ್ಲಿ ಅಲ್ಲಿನ ಮಟ್ಟಸ ರಸ್ತೆಗೆ ನೂರಕ್ಕೆ 66 ಭಾಗ ಬೆಳಕು ದಕ್ಕುತ್ತದೆ. ಡಿಸೆಂಬರ್ 22ರ ವೇಳೆಗೆ ಬರಿಯ 31 ಭಾಗ. ಆದರೆ 13 ಡಿಗ್ರಿಯಲ್ಲಿರುವ ಬೆಂಗಳೂರಿಗೆ ಇದೇ ಲೆಕ್ಕವನ್ನು ಹಾಕಿದರೆ ಬರುವ ಉತ್ತರಗಳು ಕ್ರಮವಾಗಿ 97 ಮತ್ತು 80. ಎಂದರೆ, ಓರೆಯ ಆಕ್ಷೇಪವು ಯೂರೋಪಿಗೆ ಎಷ್ಟು ದೊಡ್ಡದೋ ನಮಗೆ ಅಷ್ಟು ದೊಡ್ಡದಲ್ಲ. ಪರದೇಶದ ಸೋಲನ್ನು ಕಂಡು ಹಾಗೆಯೇ ನಕಲು ಮಾಡಿ "ಆಗದು" ಎನ್ನುವುದು, ಪರದೇಶದ ಗೆಲುವನ್ನು ಕಂಡು "ಆಗುವುದು" ಎನ್ನುವಷ್ಟೇ ತಪ್ಪು. ನಾನು ಮಂಡಲಿಗೆ ಬರೆದ ಪತ್ರದಲ್ಲಿ ಈ ಆಕ್ಷೇಪವನ್ನು ಸೇರಿಸಲಿಲ್ಲ.

ಎರಡನೆಯದು ಶಾಖ. ಸಿಲಿಕಾನ್ ಕೋಶಕ್ಕೆ ಬೆಳಕು ಬೇಕು, ಬಿಸಿ ಬೇಡ. 25 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಒಂದೊಂದು ಡಿಗ್ರಿ ಏರಿದಂತೆಲ್ಲ ಅದರ ಸಾಮರ್ಥ್ಯವು ನೂರಕ್ಕೆ ಸುಮಾರು 0.4 ಭಾಗದಷ್ಟು ಕುಗ್ಗುತ್ತದೆ. ಮಾಳಿಗೆಯ ಮೇಲೆ ಕಾಲು ಕೊಟ್ಟು ನಿಲ್ಲಿಸಿದ ಫಲಕದ ಬೆನ್ನ ಹಿಂದೆ ಗಾಳಿಯಾಡುತ್ತದೆ. ನೆಲಕ್ಕೆ ಬೆನ್ನು ಅಂಟಿಸಿ ಮಲಗಿದ ಫಲಕಕ್ಕೆ ಆ ಉಪಚಾರವಿಲ್ಲ. ಏಪ್ರಿಲಿನ ಮಧ್ಯಾಹ್ನ ಡಾಂಬರಿನ ಮೇಲೆ ಬರಿಗಾಲಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫಲಕವು 65 ಡಿಗ್ರಿಗೆ ಕಾದರೆ ನೂರಕ್ಕೆ 16 ಭಾಗ ನಷ್ಟ. ಇದೊಂದೇ ಕಾರಣಕ್ಕೆ ಯೋಜನೆಯನ್ನು ಕೈಬಿಡಬೇಕಾಗಿಲ್ಲ. ಆದರೆ ಹಗಲೆಲ್ಲ ಕಾದು ಇರುಳೆಲ್ಲ ತಣಿಯುವ ಪದರಗಳ ಅಂಟು ಬೇಗ ಸಡಿಲವಾಗುವುದೆಂಬುದನ್ನು ಮರೆಯಬಾರದು.

ಮೂರನೆಯದು ಗಾಜಿನ ಇಕ್ಕಟ್ಟು. ಕೋಶದ ಮೇಲಿನ ಗಾಜು ನುಣುಪಾಗಿಯೂ ಶುಭ್ರವಾಗಿಯೂ ಇರಬೇಕು. ರಸ್ತೆಯ ಮೈ ಒರಟಾಗಿರಬೇಕು. ಇಲ್ಲದಿದ್ದರೆ ಮೊದಲ ಮಳೆಗೆ ಸೈಕಲ್ಲಿನವನು ಜಾರಿ ಬೀಳುವನು. ಗಾಜನ್ನು ಒರಟು ಮಾಡಿದರೆ ಅದರ ತಗ್ಗುಗಳಲ್ಲಿ ಧೂಳೂ ಎಣ್ಣೆಯೂ ಟೈರಿನ ಕಪ್ಪೂ ಕೂಡುತ್ತವೆ. ಮಾಳಿಗೆಯ ಫಲಕವನ್ನು ತಿಂಗಳಿಗೆ ಎರಡು ಸಲ ತೊಳೆದರೆ ಸಾಕು. ನಮ್ಮ ಊರಿನ ರಸ್ತೆಯನ್ನು ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೆಂಧೂಳು. ರಸ್ತೆಯ ಧರ್ಮವೂ ಫಲಕದ ಧರ್ಮವೂ ಇಲ್ಲಿ ನೇರವಾಗಿ ಎದುರುಬೀಳುತ್ತವೆ. ಒಂದಕ್ಕೆ ನ್ಯಾಯ ಸಲ್ಲಿಸಿದರೆ ಇನ್ನೊಂದಕ್ಕೆ ಅನ್ಯಾಯ.

ನಾಲ್ಕನೆಯದು ನೆರಳು. ಇದನ್ನು ನಾವು ಪ್ರಯೋಗ ಮಾಡಿಯೇ ನೋಡಿದೆವು. ಆ ಮೂವರು ವಿದ್ಯಾರ್ಥಿಗಳನ್ನೇ ಕರೆದು, ಅವರ ಮಾದರಿಯನ್ನು ಬಿಸಿಲಿಗಿಟ್ಟು, ಪ್ರವಾಹಮಾಪಕವನ್ನು ಜೋಡಿಸಿ, ಸಾಲಿನ ಒಂದೇ ಒಂದು ಕೋಶದ ಮೇಲೆ ಹೊಂಗೆಯ ಎಲೆಯೊಂದನ್ನು ಇಡಿಸಿದೆನು. ಕೋಶವು ಪೂರ್ತಿಯಾಗಿ ಮುಚ್ಚಿದೊಡನೆ ಮಾಪಕದ ಮುಳ್ಳು ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಮುಚ್ಚಿದ್ದು ಒಂದು ಕೋಶ, ನಿಂತದ್ದು ಇಡೀ ಸಾಲು! ಕಾರಣ ಕಠಿನವಾದುದಲ್ಲ. ಕೋಶಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಬಾವಿಯಿಂದ ಗದ್ದೆಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವವರಲ್ಲಿ ಒಬ್ಬನು ಕೈಕಟ್ಟಿ ನಿಂತರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ದೊಡ್ಡ ಫಲಕಗಳಲ್ಲಿ ಅಂಥ ಸೋಮಾರಿಯನ್ನು ಬಳಸಿಕೊಂಡು ಪ್ರವಾಹವು ಮುಂದೆ ಸಾಗಲು ಡಯೋಡುಗಳೆಂಬ ಪಕ್ಕದ ದಾರಿಗಳಿರುತ್ತವೆ. ಆದರೂ ಒಂದು ಕೋಶದ ನೆರಳಿಗೆ ಅದರ ಗುಂಪಿನ ಕೋಶಗಳೆಲ್ಲ ನಿರುಪಯುಕ್ತವಾಗುತ್ತವೆ. ರಸ್ತೆಯ ಮೇಲಾದರೋ ಹಗಲೆಲ್ಲ ಲಾರಿ, ಬಸ್ಸು, ಗಾಡಿ, ದನ, ಜನ! ರಸ್ತೆಯು ರಸ್ತೆಯಾಗಿ ಎಷ್ಟು ಉಪಯುಕ್ತವೋ ಫಲಕವಾಗಿ ಅಷ್ಟು ನಿರುಪಯುಕ್ತ.

ಐದನೆಯದು ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಪ್ರಾಂತ್ಯದ ಒಟ್ಟಾವಾ ಊರಿನ ಬಳಿ ರಸ್ತೆಗಳ ಮೇಲೆ ಲಾರಿಗಳನ್ನು ಎಡೆಬಿಡದೆ ಓಡಿಸಿ ಪರೀಕ್ಷೆ ನಡೆಸಿದರು. ಅಚ್ಚಿನ ಮೇಲಿನ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ರಸ್ತೆ ಸವೆಯುತ್ತದೆ ಎಂಬ ಸ್ಥೂಲ ನಿಯಮವು ಅದರಿಂದ ಹೊರಟಿತು. ಕಾರಿನ ಅಚ್ಚಿನ ಮೇಲೆ ಅರ್ಧ ಟನ್ನು, ಲಾರಿಯ ಅಚ್ಚಿನ ಮೇಲೆ ಹತ್ತು ಟನ್ನು ಭಾರವಿದ್ದರೆ, ಭಾರದ ಪ್ರಮಾಣ ಇಪ್ಪತ್ತು ಪಟ್ಟು. ಸವೆತದ ಪ್ರಮಾಣ 20×20×20×20, ಎಂದರೆ 1,60,000 ಪಟ್ಟು! ಡಾಂಬರು ಸ್ವಲ್ಪ ಬಾಗಿ ಈ ಪೆಟ್ಟನ್ನು ಸಹಿಸುತ್ತದೆ. ಗಾಜು ಬಾಗುವುದಿಲ್ಲ, ಬಿರುಕು ಬಿಡುತ್ತದೆ. ನಮ್ಮ ಕಾಲುದಾರಿಯ ಮೇಲೆ ಲಾರಿ ಹೋಗುವುದಿಲ್ಲವೆಂಬುದು ನಿಜ. ಆದ್ದರಿಂದಲೇ, ಇಂಥ ಫಲಕಗಳಿಗೆ ಎಲ್ಲಿಯಾದರೂ ಸ್ಥಾನವಿದ್ದರೆ ಅದು ಸೈಕಲ್ ದಾರಿ, ಕಾಲುದಾರಿಗಳಲ್ಲಿಯೇ ಹೊರತು ಹೆದ್ದಾರಿಯಲ್ಲಲ್ಲ ಎಂದು ಒಪ್ಪಬೇಕು. ಆದರೆ ಅಲ್ಲಿಯೂ ನೀರಿನ ಕೊಳವೆಗಾಗಿ ನೆಲ ಅಗೆಯುವವರು ಬಂದಾಗ ಏನಾಗುವುದೆಂಬುದನ್ನು ವಾಚಕರೇ ಊಹಿಸಬಲ್ಲರು.

ಇಷ್ಟೆಲ್ಲ ಕಳೆದು ಉಳಿಯುವುದೆಷ್ಟು? ಟೂರೂವ್ರ್ ರಸ್ತೆಯು ತನ್ನ ಒಳ್ಳೆಯ ವರ್ಷದಲ್ಲಿ ಚದರ ಮೀಟರಿಗೆ 53 ಯೂನಿಟ್ ಕೊಟ್ಟಿತು. ಕ್ರೊಮೆನಿಯ ಅಂದಾಜು 70. ನಮ್ಮ ಬಿಸಿಲು ಪ್ರಖರವಾದುದೆಂದು ಇವನ್ನು ಧಾರಾಳವಾಗಿ ಇಮ್ಮಡಿ ಮಾಡಿದರೂ ನೂರರಿಂದ ನೂರನಲವತ್ತು ಯೂನಿಟ್ ಆಗುತ್ತದೆ. ಆದರೆ ಅದೇ ಬಿಸಿಲಿನಲ್ಲಿ ಮಾಳಿಗೆಯ ಮೇಲಿನ ಸಾಮಾನ್ಯ ಫಲಕವು ಚದರ ಮೀಟರಿಗೆ ಸುಮಾರು 280 ಯೂನಿಟ್ ಕೊಡಬಲ್ಲದು. ಇನ್ನು ಹಣದ ಮಾತು. ಟೂರೂವ್ರ್‌ನಲ್ಲಿ ವರ್ಷಕ್ಕೆ ಒಂದು ಯೂನಿಟ್ ಪಡೆಯಲು ಹೂಡಿದ ಮೂಲಧನ, ಮೊದಲ ವರ್ಷದ ಉತ್ಪತ್ತಿಯಂತೆ, 33 ಯೂರೋ. ನಮ್ಮ ನಾಣ್ಯದಲ್ಲಿ ಸುಮಾರು 3,000 ರೂಪಾಯಿ. ಮಾಳಿಗೆಯ ಮೇಲೆ ಒಂದು ಕಿಲೋವಾಟಿನ ಫಲಕಗಳನ್ನು ಕೂರಿಸಲು 50ರಿಂದ 60 ಸಾವಿರ ರೂಪಾಯಿ ಬೇಕು. ವರ್ಷಕ್ಕೆ 1,400 ಯೂನಿಟ್ ಬರುತ್ತದೆ. ಎಂದರೆ ಯೂನಿಟ್ಟಿಗೆ ಸುಮಾರು 40 ರೂಪಾಯಿಯ ಮೂಲಧನ. ಮೊದಲ ಪ್ರಯೋಗವು ಯಾವಾಗಲೂ ದುಬಾರಿಯೇ ಎಂದು ನೀವು ಹೇಳಬಹುದು. ಒಪ್ಪಿದೆನು. ಆ ವೆಚ್ಚವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೂ 300 ರೂಪಾಯಿ ಆಗುತ್ತದೆ. ಹಳೆಯ ವಿದ್ಯಾರ್ಥಿಗಳು ಬೆವರು ಸುರಿಸಿ ಗಳಿಸಿ ಕೊಟ್ಟ ಹಣವನ್ನು ಏಳು ಪಟ್ಟು ಹೆಚ್ಚಿನ ಬೆಲೆಗೆ ಅದೇ ವಸ್ತುವನ್ನು ಕೊಳ್ಳಲು ಬಳಸುವುದು ಹೇಗೆ ಸಾಧುವಾದೀತು?

ರಸ್ತೆಗೂ ಸೂರ್ಯನಿಗೂ ನಂಟೇ ಕೂಡದೆಂದು ನನ್ನ ವಾದವಲ್ಲ. ಫಲಕವು ಇರಬೇಕಾದುದು ಕಾಲ ಕೆಳಗಲ್ಲ, ತಲೆಯ ಮೇಲೆ ಎಂಬುದಷ್ಟೇ ನನ್ನ ಮಾತು. ದಕ್ಷಿಣ ಕೊರಿಯದಲ್ಲಿ ದೇಜಾನ್ ಮತ್ತು ಸೆಜಾಂಗ್ ನಗರಗಳ ನಡುವಿನ ಹೆದ್ದಾರಿಯ ಮಧ್ಯದಲ್ಲಿ ಸೈಕಲ್ ದಾರಿಯನ್ನು ಮಾಡಿ, ಅದರ ಮೇಲೆ ಫಲಕಗಳ ಚಪ್ಪರವನ್ನು ಹಾಕಿದ್ದಾರೆ. ಸವಾರನಿಗೆ ನೆರಳು, ಊರಿಗೆ ವಿದ್ಯುತ್ತು. ಸ್ವಿಟ್ಜರ್ಲೆಂಡಿನಲ್ಲಿ 1989ರಲ್ಲಿಯೇ ಹೆದ್ದಾರಿಯ ಸದ್ದನ್ನು ತಡೆಯುವ ಗೋಡೆಗೆ ಫಲಕಗಳನ್ನು ಜೋಡಿಸಿದರು. ಸೌರರಸ್ತೆಯಲ್ಲಿ ಕೈಸುಟ್ಟುಕೊಂಡ ಫ್ರಾನ್ಸ್ ದೇಶವೇ 2023ರಲ್ಲಿ, 1,500 ಚದರ ಮೀಟರಿಗೆ ಮೀರಿದ ವಾಹನ ನಿಲ್ದಾಣಗಳ ಮೇಲೆ ಸೌರ ಚಪ್ಪರವಿರಬೇಕೆಂದು ಕಾನೂನು ಮಾಡಿತು. ನಮ್ಮ ಗುಜರಾತಿನಲ್ಲಿ 2012ರಲ್ಲಿ ನರ್ಮದಾ ಕಾಲುವೆಯ ಒಂದು ಶಾಖೆಯ ಮೇಲೆ 750 ಮೀಟರ್ ಉದ್ದಕ್ಕೆ ಫಲಕಗಳನ್ನು ಹೊದಿಸಿ ಒಂದು ಮೆಗಾವಾಟ್ ಸ್ಥಾವರವನ್ನು ಕಟ್ಟಿದರು. ನೆಲವೂ ಉಳಿಯಿತು, ನೀರು ಆವಿಯಾಗುವುದೂ ಕಡಿಮೆಯಾಯಿತು. 2024ರಲ್ಲಿ ಭಾರತ ಸರ್ಕಾರವು ಒಂದು ಕೋಟಿ ಮನೆಗಳ ಮಾಳಿಗೆಗಳ ಮೇಲೆ ಫಲಕಗಳನ್ನು ಕೂರಿಸುವ ಯೋಜನೆಯನ್ನು ಆರಂಭಿಸಿದೆ. ಮಾಳಿಗೆಗಳೆಲ್ಲ ತುಂಬಿ, ಕಾಲುವೆಗಳೆಲ್ಲ ಮುಚ್ಚಿ, ಇನ್ನು ಜಾಗವೇ ಇಲ್ಲವೆಂಬ ದಿನ ಬಂದಾಗ ರಸ್ತೆಯ ಕಡೆಗೆ ನೋಡೋಣ.

ಇನ್ನೊಂದು ಮಾತು ಲೆಕ್ಕಕ್ಕೆ ಸಿಕ್ಕದ್ದು. ದಾರಿಯ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದೆನೆಂದು ಅಶೋಕ ಚಕ್ರವರ್ತಿಯು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಕಾಲದಲ್ಲಿಯೇ ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ನಮ್ಮ ನಾಡಿನಲ್ಲಿ ಒಳ್ಳೆಯ ದಾರಿಯೆಂದರೆ ನೆರಳಿರುವ ದಾರಿ. ಸೌರರಸ್ತೆಗೆ ನೆರಳೇ ಶತ್ರು. ನಮ್ಮ ಕಾಲೇಜಿನ ಕಾಲುದಾರಿಯ ಎರಡು ಬದಿಗಳಲ್ಲಿಯೂ ಹೊಂಗೆಯ ಮರಗಳಿವೆ. ಪರೀಕ್ಷೆಯ ದಿನಗಳಲ್ಲಿ ಹುಡುಗರೂ ಹುಡುಗಿಯರೂ ಅವುಗಳ ಕೆಳಗೆ ಕುಳಿತು ಓದುತ್ತಾರೆ. ದೀಪಕ್ಕಾಗಿ ಆ ಮರಗಳನ್ನು ಕಡಿಯಬೇಕೆ?

ನನ್ನ ಪತ್ರವನ್ನು ಓದಿದ ಹಿರಿಯರು ಸಿಟ್ಟಾಗಲಿಲ್ಲ. "ನೀವು ಹೇಳುವುದು ಸರಿಯಿರಬಹುದು. ಆದರೆ ಮಾಳಿಗೆಯ ಮೇಲೆ ಇಟ್ಟರೆ ಯಾರ ಕಣ್ಣಿಗೆ ಕಾಣುತ್ತದೆ? ದಾರಿಯಲ್ಲಾದರೆ ಬಂದವರೆಲ್ಲ ನೋಡುತ್ತಾರೆ" ಎಂದರು. ಈ ಮಾತಿನಲ್ಲಿ ಪ್ರಾಮಾಣಿಕತೆಯಿದೆ. ಸೌರರಸ್ತೆಗಳು ಇಷ್ಟೊಂದು ದೇಶಗಳಲ್ಲಿ ಹುಟ್ಟಿದ್ದಕ್ಕೆ ಮುಖ್ಯ ಕಾರಣವೂ ಬಹುಶಃ ಇದೇ. ನಾನು, ಪುಸ್ತಕ ಭಂಡಾರದ ಬಾಗಿಲಲ್ಲಿ ಒಂದು ಮಾಪಕವನ್ನು ತೂಗುಹಾಕೋಣ, ಮಾಳಿಗೆಯ ಫಲಕಗಳು ಅಂದಂದು ಕೊಟ್ಟ ಯೂನಿಟ್ಟುಗಳನ್ನು ಬಂದವರೆಲ್ಲ ಓದಲಿ ಎಂದು ವಿನಂತಿಸಿಕೊಂಡೆನು. ಮಂಡಲಿಯು ಇನ್ನೂ ತೀರ್ಮಾನ ಕೈಗೊಂಡಿಲ್ಲ. ಮಾಳಿಗೆಯನ್ನು ಅಳೆದು ನಕ್ಷೆ ಬರೆದುಕೊಟ್ಟವರು ಅದೇ ಮೂವರು ವಿದ್ಯಾರ್ಥಿಗಳು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಬಹುಮಾನ ತಪ್ಪಲ್ಲ, ಅದು ಅವರ ಕೈಚಳಕಕ್ಕೂ ಉತ್ಸಾಹಕ್ಕೂ ಸಂದದ್ದು. ತಪ್ಪಿದವನು ನಾನು. ತೀರ್ಪುಗಾರನಾಗಿ ನಾನು ಕೇಳಿದ್ದು "ದೀಪ ಹೊತ್ತುವುದೆ?" ಎಂಬ ಒಂದೇ ಪ್ರಶ್ನೆ. ಎಷ್ಟು ಹೊತ್ತುವುದು, ಎಷ್ಟು ಕಾಲ ಹೊತ್ತುವುದು, ಅಷ್ಟೇ ಹಣದಲ್ಲಿ ಬೇರೆ ಕಡೆ ಎಷ್ಟು ದೀಪ ಹೊತ್ತಿಸಬಹುದು ಎಂಬ ಮೂರು ಪ್ರಶ್ನೆಗಳನ್ನು ಅಂದೇ ಕೇಳಬೇಕಾಗಿತ್ತು. ಕೇಳಿದ್ದರೆ ಅವರು ಆಗಲೇ ಉತ್ತರವನ್ನು ಕಂಡುಕೊಳ್ಳುತ್ತಿದ್ದರು. ಸಾಧ್ಯವೆ ಎಂಬುದನ್ನು ಪ್ರಕೃತಿಯ ನಿಯಮಗಳು ಹೇಳುತ್ತವೆ. ಸಾಧುವೆ ಎಂಬುದನ್ನು ನಾವು ಅಳೆದು ತೂಗಿ ಹೇಳಬೇಕು. ಟೂರೂವ್ರ್, ಕ್ರೊಮೆನಿಗಳ ಪ್ರಯೋಗಗಳು ವ್ಯರ್ಥವಾಗಲಿಲ್ಲ. ಅವರು ಹಾಸಿ, ಅಳೆದು, ಅಂಕಿಗಳನ್ನು ಬಯಲಿಗಿಟ್ಟುದರಿಂದಲೇ ನಾವು ಇಂದು ಒಂದು ಕಾಗದದ ಮೇಲೆ ಈ ಲೆಕ್ಕವನ್ನು ಮಾಡಬಲ್ಲವರಾಗಿದ್ದೇವೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ನಿಮ್ಮ ಶಾಲೆಯ ಮಾಳಿಗೆಯನ್ನು ಹತ್ತಿ ಅದರ ಉದ್ದಗಲಗಳನ್ನು ಅಳೆಯಿರಿ. ಮರದ ನೆರಳು, ನೀರಿನ ತೊಟ್ಟಿಯ ನೆರಳು ಬೆಳಿಗ್ಗೆ ಎಲ್ಲಿ, ಸಂಜೆ ಎಲ್ಲಿ ಬೀಳುವುದೆಂದು ಗುರುತು ಹಾಕಿಕೊಳ್ಳಿ. ನೆರಳು ಬೀಳದ ಹತ್ತು ಚದರ ಮೀಟರಿಗೆ, ಓಡಾಡುವ ಎಡೆಯನ್ನೂ ಬಿಟ್ಟು, ಒಂದು ಕಿಲೋವಾಟ್ ಎಂದು ಲೆಕ್ಕ ಹಾಕಿ. ಬಂದ ಉತ್ತರವನ್ನು ಶಾಲೆಯ ತಿಂಗಳ ವಿದ್ಯುತ್ ಬಿಲ್ಲಿನ ಪಕ್ಕದಲ್ಲಿಟ್ಟು ಮುಖ್ಯೋಪಾಧ್ಯಾಯರಿಗೆ ತೋರಿಸಿ. ರಸ್ತೆಯು ಮೊದಲಿನಂತೆಯೇ ರಸ್ತೆಯಾಗಿರಲಿ.